ಸೌಭಾಗ್ಯ ಅನ್ನಾವ್ರು ಇಲ್ಲಿ ಯಾರೂ ಇಲ್ರಿ

ಹಳಿಯಾಳ ಪೇಟೆಯ ಭಾಂಡೆ ಅಂಗಡಿಯಲ್ಲಿ ನಾನು ಮೂವತ್ತೇಳು ವರ್ಷ ಕೂತಿದ್ದ ಜಾಗದಲ್ಲಿ ಈಗ ರೇಷ್ಮಾ ಕೂತಿದ್ದಾಳೆ. ನನಗೆ ಮರದ ಸ್ಟೂಲು ಇತ್ತು, ಅವಳಿಗೆ ತಿರುಗುವ ಕುರ್ಚಿ. ನನಗೆ ಉಳಿ ಮತ್ತು ಸಣ್ಣ ಸುತ್ತಿಗೆ, ಅವಳಿಗೆ ಲೇಸರ್ ಮಶೀನು. ಕೆಲಸ ಮಾತ್ರ ಅದೇ, ಗಿರಾಕಿಗಳು ಕೊಂಡ ಪಾತ್ರೆಯ ಮೇಲೆ ಹೆಸರು ಹಾಕುವುದು. ಮದುವೆಯ ಕೊಡ ಇರಲಿ, ತೊಟ್ಟಿಲ ಕಾರ್ಯದ ಬಟ್ಟಲು ಇರಲಿ, ವಾಸ್ತುಶಾಂತಿಯ ಪರಾತ ಇರಲಿ, ಇಂಥವರಿಗೆ ಇಂಥವರಿಂದ ಎಂದು ಅದರ ಮೈಮೇಲೆ ಚುಕ್ಕಿ ಚುಕ್ಕಿಯಾಗಿ ಕುಟ್ಟಿ ಕೊಡುತ್ತಿದ್ದೆ. ಪೇಟೆಯಲ್ಲಿ ನನ್ನನ್ನು ಪರಶುರಾಮ ಎಂದು ಕರೆದವರು ಕಡಿಮೆ. ಎಲ್ಲರಿಗೂ ನಾನು ಟಕಟಕ ಪರಸಣ್ಣ.

ಹೋದ ವಾರ ಅಂಗಡಿ ಕಡೆ ಹೋಗಿದ್ದಾಗ ರೇಷ್ಮಾ ಕೇಳಿದಳು: "ಕಾಕಾ, ಕಂಪ್ಯೂಟರಿನ್ಯಾಗ ಹೆಸರ ತಪ್ಪಾದ್ರ ನಾ ಒಂದ ಗುಂಡಿ ಒತ್ತತೇನಿ, ತಪ್ಪು ಅಳಿಸಿ ಹೋಗತೈತಿ. ನೀವು ಏನ ಮಾಡ್ತಿದ್ರಿ?"

"ಬಳ್ಳಿ ಹಾಕ್ತಿದ್ದೆ," ಅಂದೆ.

ಅವಳಿಗೆ ತಿಳಿಯಲಿಲ್ಲ. ಬಿಡಿಸಿ ಹೇಳಲು ಕೂತರೆ ನಾಲ್ಕು ಗಿರಾಕಿಗಳು ಬಂದು ನಿಂತರು. "ಬರದ ಕೊಡ್ರಲ್ಲ ಕಾಕಾ, ಮನ್ಯಾಗ ಸುಮ್ಮ ಕುಂತೀರಿ," ಎಂದಳು. ಸುಮ್ಮನೆ ಕೂತಿದ್ದೇನೆ ಎಂಬ ಮಾತು ಚುಚ್ಚಿತು. ಅದಕ್ಕೇ ಬರೆಯುತ್ತಿದ್ದೇನೆ. ಓದಿ ನಗು ಬಂದರೆ ನಗಲಿ, ಆದರೆ ಮಶೀನು ಬಂದ್ ಮಾಡಿ ನಗಲಿ.

ನಾನು ಕೆಲಸಕ್ಕೆ ಸೇರಿದಾಗ ಅಂಗಡಿ ಯಜಮಾನರನ್ನು ಎಲ್ಲರೂ ಸಾವ್ಕಾರ್ರು ಅನ್ನುತ್ತಿದ್ದರು. ಗಲ್ಲಾಪೆಟ್ಟಿಗೆಯ ಹಿಂದೆ ಗಾದಿಯ ಮೇಲೆ ಕೂತು ದಿನದ ಮುಕ್ಕಾಲು ಪಾಲು ತೂಕಡಿಸುತ್ತಿದ್ದರು. ಆದರೆ ನನ್ನ ಸುತ್ತಿಗೆಯ ಸದ್ದು ಒಂದು ಕ್ಷಣ ತಡವರಿಸಿದರೆ ಸಾಕು, ಕಣ್ಣು ಮುಚ್ಚಿಕೊಂಡೇ "ಯಾವ ಅಕ್ಷರ ಕೆಡಿಸಿದಿ?" ಅನ್ನುವರು. ಒಮ್ಮೆಯೂ ಅವರ ಊಹೆ ತಪ್ಪಲಿಲ್ಲ. ಇಂಥ ಮೇಲಧಿಕಾರಿ ನಿದ್ದೆಯಲ್ಲಿದ್ದರೂ ಕಷ್ಟ, ಎಚ್ಚರವಿದ್ದರೂ ಕಷ್ಟ.

ಮೊದಲ ದಿನವೇ ಅವರು ಒಂದು ಕಟ್ಟಳೆ ಹಾಕಿದರು. "ಉಳಿ ಮುಟ್ಟೂಕಿಂತ ಮೊದಲ, ಭಾಂಡೆ ಯಾರದೋ ಅವರ ಬಾಯಿಂದ ಹೆಸರ ಹೇಳಸು. ಆಮ್ಯಾಲ ನೀ ಅದನ್ನ ಜೋರಾಗಿ ತಿರಗಿ ಹೇಳು. ಅವ್ರು ಹೂಂ ಅಂದ್ರ ಬಡಿ. ಇಲ್ಲಂದ್ರ ಸುಮ್ಮ ಕುಂಡ್ರು. ಕಾಗದ ನಂಬಬ್ಯಾಡ, ನೆಂಟರನ್ನ ನಂಬಬ್ಯಾಡ." ರೇಷ್ಮಾ, ಲೇಸರ್ ಆಗಲಿ ಮತ್ತೊಂದಾಗಲಿ, ಈ ಕಟ್ಟಳೆ ನಿನಗೂ ಇದೆ. ನಾನು ಇದನ್ನು ಮೂರು ಸಲ ಮುರಿದೆ. ಎರಡು ಸಲದ್ದನ್ನು ನಗುತ್ತ ಹೇಳಬಲ್ಲೆ.

ಮೊದಲನೆಯದು ಮುಂಡಗೋಡದ ಟಿಬೆಟನ್ ಕ್ಯಾಂಪಿನಿಂದ ಬಂದ ಒಬ್ಬ ಲಾಮಾ ಅವರದು. ದೊಡ್ಡ ಚಹಾ ಕಿಟ್ಲಿ ಕೊಂಡರು. ತಮ್ಮ ಅಕ್ಷರದಲ್ಲಿ ಮಠದ ಹೆಸರು ಬರೆದ ಚೀಟಿ ಕೊಟ್ಟು, ಬಸ್ಸಿನ ವೇಳೆ ಕೇಳಲು ಸ್ಟ್ಯಾಂಡಿಗೆ ಹೋದರು. ಆ ಅಕ್ಷರ ನನಗೆ ಓದಲು ಬರುವುದಿಲ್ಲ, ಅಂದಮೇಲೆ ಜೋರಾಗಿ ಹೇಳುವುದು ಎಲ್ಲಿಂದ? ಚಿತ್ರ ಬರೆದಂತೆ ಬರೆದರಾಯಿತು ಎಂದು ಧೈರ್ಯ ಮಾಡಿದೆ. ಒಂದೊಂದು ಗೆರೆಯನ್ನೂ ನೋಡಿ ನೋಡಿ, ಕಣ್ಣಲ್ಲಿ ನೀರು ಬರುವವರೆಗೆ ಕೂತು ಕುಟ್ಟಿದೆ. ಅಷ್ಟು ಚೆಂದದ ಕೆಲಸ ಅಲ್ಲಿಯವರೆಗೆ ಮಾಡಿರಲಿಲ್ಲ. ಲಾಮಾ ಬಂದರು, ನೋಡಿದರು, ಕಿಟ್ಲಿಯನ್ನು ನಿಧಾನವಾಗಿ ತಲೆಕೆಳಗು ಮಾಡಿ ಓದಿದರು. ನಾನು ಚೀಟಿ ಹಿಡಿದದ್ದೇ ಉಲ್ಟಾ! ಅವರೋ ನಮ್ಮವರಿಗಿಂತ ಚೊಕ್ಕ ಕನ್ನಡದಲ್ಲಿ, "ಚಿಂತಿ ಬ್ಯಾಡ್ರಿ. ತೊಳದು ಬೋರಲ ಹಾಕಿದಾಗ ಓದಾಕ ಚೊಲೋ ಆತು," ಎಂದು ನಗುತ್ತ ಹೋದರು. ಸಾವ್ಕಾರ್ರು ಮಾತ್ರ ನಗಲಿಲ್ಲ. ಅವತ್ತು ಸಂಜೆ ನನ್ನ ಪಾಲಿನ ಚಹಾವನ್ನು ಬೋರಲು ಹಾಕಿದ ಕಪ್ಪಿನಲ್ಲಿ ತರಿಸಿದರು.

ಎರಡನೆಯದು ನನ್ನ ಬದುಕಿಗೆ ಅನ್ನ ಹಾಕಿದ ತಪ್ಪು. ದಾಂಡೇಲಿಯಿಂದ ಒಬ್ಬ ಹೆಣ್ಣುಮಗಳು, ನಮ್ಮ ಕಡೆ ಬಾಯಿಯವರು ಅನ್ನುತ್ತೇವೆ, ಬಂದಿದ್ದರು. ಅಣ್ಣನಿಗೆ ಗಂಡು ಮಗು ಹುಟ್ಟಿದೆ, ತೊಟ್ಟಿಲಿಗೆ ಕೊಡಲು ಹಾಲಿನ ಬಟ್ಟಲು. 'ಅಣ್ಣನ ಮಗನಿಗೆ ಸೋದರತ್ತೆಯಿಂದ' ಎಂದು ಹಾಕಬೇಕು. ಎಷ್ಟು ಸಣ್ಣ ಮಾತು, ಇದನ್ನೇನು ಕೂಗಿ ಹೇಳುವುದು ಎಂದು ಬಡಿಯಲು ಶುರು ಮಾಡಿದೆ. ಹೊರಗೆ ಯಾರದೋ ಎತ್ತು ತರಕಾರಿ ಬುಟ್ಟಿಗೆ ಬಾಯಿ ಹಾಕಿ ಗಲಾಟೆಯಾಯಿತು. ಒಂದು ಕಣ್ಣು ಅತ್ತ ಹೋಯಿತು, ಒಂದು ಏಟು ಇತ್ತ ಬಿತ್ತು. ಬಿದ್ದದ್ದು ಎಲ್ಲಿ? 'ಮ' ಮತ್ತು 'ಗ' ಎರಡರ ನಟ್ಟನಡುವೆ. ದುಂಡಗೆ, ಮುದ್ದಾಗಿ, ಸೊನ್ನೆ.

ಅಣ್ಣನ ಮಂಗನಿಗೆ ಸೋದರತ್ತೆಯಿಂದ.

"ಯಾವ ಅಕ್ಷರ?" ಗಾದಿಯಿಂದ ದನಿ ಬಂತು.

"ಅಕ್ಷರ ಎಲ್ಲಾ ಬರೋಬ್ಬರಿ ಅದಾವ್ರಿ," ಅಂದೆ. ಸುಳ್ಳಲ್ಲ. ಅಕ್ಷರಗಳು ಸರಿಯಾಗಿಯೇ ಇದ್ದವು, ಒಂದು ಹೆಚ್ಚಾಗಿತ್ತು ಅಷ್ಟೇ. ಸ್ಟೀಲಿಗೆ ಬಿದ್ದ ಏಟು ಬ್ರಹ್ಮ ಬಂದರೂ ಏಳುವುದಿಲ್ಲ. ಬಾಯಿಯವರು ಪಕ್ಕದ ಅಂಗಡಿಯಲ್ಲಿ ಕುಂಚಿಗೆ ಆರಿಸುತ್ತಿದ್ದರು. ನನಗೆ ಏನು ಹೊಳೆಯಿತೋ, ಆ ಸೊನ್ನೆಯ ಸುತ್ತ ಐದು ಎಸಳು ಕುಟ್ಟಿದೆ. ಹೂವಾಯಿತು. ಒಂದೇ ಹೂವು ಇದ್ದರೆ ಸಂಶಯ ಬರುತ್ತದೆ ಎಂದು ಪ್ರತಿ ಎರಡು ಅಕ್ಷರಗಳ ನಡುವೆ ಒಂದೊಂದು ಹೂವು ಇಟ್ಟೆ. ಹೂವುಗಳು ಗಾಳಿಯಲ್ಲಿ ನಿಂತ ಹಾಗೆ ಕಂಡವು, ಅದಕ್ಕೆ ಮೇಲಿನಿಂದ ಒಂದು ಬಳ್ಳಿ ಎಳೆದು ಎಲೆ ಕೊಟ್ಟೆ. ಬಾಯಿಯವರು ಬಂದು ನೋಡಿ ಕಣ್ಣರಳಿಸಿ, "ಅಯ್ಯ, ನಾ ಹೇಳಿರಲೇ ಇಲ್ಲ, ಎಷ್ಟ ಪ್ರೀತಿಲೆ ಮಾಡೀರಿ!" ಅಂದರು. ಪ್ರೀತಿಯಲ್ಲ ತಾಯಿ, ಭಯ.

ಮುಂದಿನ ವಾರ ದಾಂಡೇಲಿಯಿಂದ ಇನ್ನೂ ಇಬ್ಬರು ಬಂದು "ಆ ಹೂಬಳ್ಳಿ ಡಿಸೈನ ಬೇಕ್ರಿ" ಅಂದರು. ಆರು ತಿಂಗಳಲ್ಲಿ ಜೊಯಿಡಾ, ಮುಂಡಗೋಡ ಎಲ್ಲ ಕಡೆಯಿಂದ ಬಳ್ಳಿಗೇ ಬರುವವರಾದರು. ಡಿಸೈನ್ ಎಲ್ಲಿ ಕಲಿತಿರಿ ಎಂದು ಜನ ಕೇಳಿದಾಗ ನಾನು ಮೇಲೆ ನೋಡಿ ಮುಗುಳ್ನಗುತ್ತಿದ್ದೆ. ನಮ್ಮ ಓಣಿಯ ಮಾರಿಯಕ್ಕ ಒಬ್ಬಳಿಗೆ ಮಾತ್ರ ನನ್ನ ಗುಟ್ಟು ಗೊತ್ತಾಗಿತ್ತು. ಸಿದ್ದಿಯರ ಆಕೆ ಹಳೆ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಒಂದು ದಿನ ನನ್ನ ಬಳ್ಳಿಯ ಮೇಲೆ ಬೆರಳಾಡಿಸಿ, "ಪರಸಣ್ಣ, ಹರದಲ್ಲೆ ನಾ ತುಂಡ ಹಚ್ಚತೇನಿ. ನೀ ಎಲ್ಲೆ ಹರದೀ?" ಎಂದು ಕೇಳಿಬಿಟ್ಟಳು. ಒಂದು ಕೈಕೆಲಸದವರನ್ನು ಇನ್ನೊಂದು ಕೈಕೆಲಸದವರು ಹಿಡಿಯುವಷ್ಟು ಸುಲಭವಾಗಿ ಪೊಲೀಸರೂ ಹಿಡಿಯುವುದಿಲ್ಲ.

ಈಗ ಮೂರನೆಯದು. ಇದು ಮನೆಯ ಮಾತು, ಆದರೂ ಹೇಳುತ್ತೇನೆ.

ಮಳಗಿ ಊರಿನ ಹುಡುಗಿಯ ಜೊತೆ ನನ್ನ ಲಗ್ನ ಗೊತ್ತಾಯಿತು. ಹೆಸರು ಗಂಗಾ. ತೊಡಕು ಏನೆಂದರೆ ನನ್ನ ಅವ್ವನ ಹೆಸರೂ ಗಂಗಾ. ನಮ್ಮ ಕಡೆ ಸೊಸೆ ಬಂದ ದಿನ ಗಂಡನ ಮನೆಯವರು ಹೊಸ ಹೆಸರು ಇಡುವ ರೂಢಿ ಇದೆಯಲ್ಲ, ಅವ್ವ ಅದನ್ನು ಹಿಡಿದು ಕೂತಳು. "ಮನ್ಯಾಗ ಇಬ್ರ ಗಂಗಾ ಆದ್ರ ಕರದಾಗ ಯಾರು ಓ ಅನ್ನಬೇಕು? ಉಣ್ಣೂ ಗಂಗಾಳ ಎದ್ದ ಬಂದ ಓ ಅಂತೈತೇನು? ಮತ್ತ ನಾ ಸೊಸಿಗೆ ಬೈಬೇಕಂದ್ರ ನನ್ನ ಹೆಸರ ಹಿಡದ ನಾನ ಬೈಕೊಳ್ಳಲೇನು?" ಎರಡನೆಯ ಕಾರಣವೇ ಗೆದ್ದಿತು. ನಮ್ಮ ಮನೆಯಲ್ಲಿ ಸೌಭಾಗ್ಯ ಎಂಬ ಹೊಸ ಹೆಸರು ನಿಶ್ಚಯವಾಯಿತು.

ಮಾವನವರು ಮಗಳಿಗೆ ಕೊಡುವ ಇಪ್ಪತ್ತೊಂದು ಪಾತ್ರೆಗಳನ್ನು ನಮ್ಮ ಅಂಗಡಿಯಲ್ಲೇ ಕೊಂಡರು. "ಮಗಳ ಹೆಸರ ಹಾಕಿ ಇಡ್ರಿ, ಮುಂದಿನ ವಾರ ಒಯ್ತೇನಿ," ಎಂದು ಹೋದರು. ನಾನೋ ಹೊಸ ಅಳಿಯ, ಹುರುಪು ಹೆಚ್ಚು. ಹೇಗಿದ್ದರೂ ಬದಲಾಗುವ ಹೆಸರು, ಈಗಲೇ ಹಾಕಿದರೆ ಕೆಲಸ ಹಗುರ ಎಂದು ಇಪ್ಪತ್ತೊಂದರ ಮೇಲೂ 'ಸೌಭಾಗ್ಯ' ಎಂದು ಕುಟ್ಟಿದೆ. ಹೆಸರಿನ ಮುಂದೆ ನಾಲ್ಕು ಬೆರಳು ಜಾಗ ಬಿಡುವುದು ನಮ್ಮ ಅಂಗಡಿಯ ಪದ್ಧತಿ, ಯಾರಾದರೂ ಆಮೇಲೆ ಅಡ್ಡಹೆಸರು ಸೇರಿಸಲು ಬಂದರೆ ಇರಲಿ ಎಂದು. ಆ ಜಾಗ ಬಿಟ್ಟು, ಸುತ್ತ ಬಳ್ಳಿ ಹಬ್ಬಿಸಿದೆ. ಈ ಸಲ ಭಯದ ಬಳ್ಳಿಯಲ್ಲ, ನಿಜವಾದ ಪ್ರೀತಿಯ ಬಳ್ಳಿ. ಪ್ರತಿ ಪಾತ್ರೆಗೆ ಬೇರೆ ಹೂವು. ಕೊಡಕ್ಕೆ ಮಲ್ಲಿಗೆ, ಪರಾತಕ್ಕೆ ದಾಸವಾಳ, ಚರಿಗೆಗೆ ಅಬ್ಬಲಿಗೆ. ಅವು ನಾನು ಜೀವಮಾನದಲ್ಲಿ ಮಾಡಿದ ಅತ್ಯುತ್ತಮ ಕೆಲಸ, ಇವತ್ತಿಗೂ ಹಾಗೇ ಅನ್ನುತ್ತೇನೆ.

ಮಾವನವರು ಚೀಲ ಕಟ್ಟಿಕೊಂಡು ಮಳಗಿಗೆ ಒಯ್ದರು. ಮೂರನೆಯ ದಿನ ಮೊದಲ ಬಸ್ಸಿಗೆ ವಾಪಸು ಬಂದು ಅಂಗಡಿಯ ಕಟ್ಟೆಯ ಮೇಲೆ ಕೊಡ ಇಟ್ಟರು. ಮುಖ ಕೆಂಪಗಾಗಿತ್ತು.

"ಈ ಸೌಭಾಗ್ಯ ಯಾರ್ರೀ?"

"ನಿಮ್ಮ ಮಗಳ್ರಿ ಮಾವಾರ," ಅಂದೆ.

"ನನಗ ಇರೂದ ಒಬ್ಬ ಮಗಳು. ಆಕಿ ಹೆಸರ ಗಂಗಾ. ಯಾವಾಕಿ ಹೆಸರ ಇಪ್ಪತ್ತೊಂದ ಭಾಂಡೆ ಮ್ಯಾಲ ಹೂ ಬಿಡಿಸಿ ಬರದೀರೋ, ಆಕಿನ್ನ ಕರಸ್ರಿ. ಆಕಿ ಜೋಡಿನ ನಿಮ್ಮ ಲಗ್ನ ಮಾಡಿ ಹೋಗ್ತೇನಿ!"

ಪೇಟೆ ಅರ್ಧ ನಿಂತು ಕೇಳಿತು. ನಾನು ಹೊಸ ಹೆಸರಿನ ವಿಷಯ ಬಿಡಿಸಿ ಹೇಳಿದೆ. "ತಾಳಿ ಕಟ್ಟೂಕಿಂತ ಮೊದಲ ಹೆಸರ ಕಟ್ಟೀರೇನು?" ಎಂದು ಅವರು ಇನ್ನಷ್ಟು ಏರಿದರು. ಸಾವ್ಕಾರ್ರು ಗಾದಿಯಿಂದ ಎದ್ದು ಬಂದರು. ಅವರು ಎದ್ದು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಭಾಂಡೆ ಯಾರದೋ ಅವರ ಬಾಯಿಂದ ಹೆಸರ ಕೇಳಿದ್ಯೋ ಇಲ್ಲೋ?" ಅಂದರು. ಕೇಳಿರಲಿಲ್ಲ. ನನ್ನ ಅವ್ವನ ಬಾಯಿಂದ ಕೇಳಿದ್ದೆ.

ಮದುವೆ ಮುರಿಯಲಿಲ್ಲ. ಯಾಕೆ ಮುರಿಯಲಿಲ್ಲ ಎಂಬುದು ನನಗೆ ಬಹಳ ದಿನಗಳ ಮೇಲೆ ಮಾವನವರಿಂದಲೇ ತಿಳಿಯಿತು. ಮನೆಯಲ್ಲಿ ಎಲ್ಲರೂ ಬೇಡ ಅಂದಾಗ ಹುಡುಗಿ ಕೊಡವನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿ, "ಹೆಸರ ನಂದಲ್ಲ. ಆದ್ರ ಹೂ ಬಿಡಿಸಿದಾವನ ಕೈ ಚೊಲೋ ಐತಿ. ಇರ್ಲಿ," ಅಂದಳಂತೆ.

ಲಗ್ನದ ದಿನ ಗಂಗಾಳದಲ್ಲಿ ಅಕ್ಕಿ ಹರಡಿ, ಉಂಗುರದಿಂದ ಅದರಲ್ಲಿ ಹೊಸ ಹೆಸರು ಬರೆಯಲು ನನಗೆ ಹೇಳಿದರು. ಅಕ್ಷರ ನನ್ನ ಕಸುಬು, ಚೆಂದಾಗಿಯೇ ಬರೆದೆ. ಜನ ನೋಡಲು ಬಗ್ಗುವಷ್ಟರಲ್ಲಿ ಅವಳ ಬಳೆ ತಾಗಿ ಅಕ್ಕಿಯೆಲ್ಲ ಚೆದುರಿತು. ಬಳೆ ತಾಗಿತೋ, ತಾಗಿಸಿದಳೋ, ನಾನು ಇವತ್ತಿನವರೆಗೂ ಕೇಳಿಲ್ಲ. ಕೇಳುವ ಧೈರ್ಯವಿಲ್ಲ.

ಅಕ್ಕಿಯಲ್ಲಿನ ಹೆಸರು ಅಳಿಯಿತು, ಸ್ಟೀಲಿನ ಮೇಲಿನದು ಅಳಿಯಲಿಲ್ಲ. ಅವ್ವ "ಸೌಭಾಗ್ಯಾ" ಎಂದು ಕರೆದರೆ ಇವಳು ಓಗೊಡುತ್ತಿರಲಿಲ್ಲ. ಎದುರು ಮಾತಿಲ್ಲ, ಮುನಿಸಿಲ್ಲ, ಸುಮ್ಮನೆ ಕೇಳಿಸದವಳ ಹಾಗೆ ಅಕ್ಕಿ ಆರಿಸುತ್ತ ಕೂರುವಳು. ಅವ್ವ ಸಿಟ್ಟಿಗೆದ್ದು ಗಂಗಾಳ ತಗೊಂಡು ನೆಲಕ್ಕೆ ಬಡಿದರೆ ಕೂಡಲೇ ಎದ್ದು ಬರುವಳು. "ಕರದ್ರ ಬರಂಗಿಲ್ಲ, ಗಂಗಾಳ ಬಡದ್ರ ಬರ್ತೀಯಲ್ಲ!" ಎಂದರೆ, "ಗಂಗಾಳ ಅನ್ನೂದರಾಗ ನನ್ನ ಹೆಸರ ಐತಲ್ರಿ ಅತ್ತಿ," ಅನ್ನುವಳು.

ಅವ್ವ ಇದನ್ನು ಕಿವಿಯ ದೋಷ ಎಂದು ತೀರ್ಮಾನಿಸಿ ದಾಂಡೇಲಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ನಾನೂ ಹೋಗಿದ್ದೆ. ಡಾಕ್ಟರು ಇವಳನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ಚೀಟಿಯಲ್ಲಿದ್ದ ಹೆಸರನ್ನು ಹಿಂದಿನಿಂದ ಪಿಸುಗುಟ್ಟಿದರು. "ಗಂಗಾ..." ಚೀಟಿ ಬರೆಸಿದವಳು ಇವಳೇ.

"ಓ," ಅಂದಳು ಇವಳು.

"ಓ," ಅಂದಳು ಬಾಗಿಲ ಬಳಿ ಕೂತಿದ್ದ ಅವ್ವ.

ಡಾಕ್ಟರು ಇಬ್ಬರನ್ನೂ ನೋಡಿ, "ಇಬ್ರ ಕಿವಿನೂ ಭಾಳ ಚೊಲೋ ಅದಾವ್ರಿ. ಮನೀಗೆ ಹೋಗಿ ಹೆಸರ ನೋಡ್ಕೋರಿ," ಅಂದರು. ಅವ್ವ ಒಪ್ಪಲಿಲ್ಲ. ಆ ಡಾಕ್ಟರಿಗೆ ಏನೂ ಗೊತ್ತಿಲ್ಲ, ನನ್ನ ಸೊಸೆಗೆ ಕಿವಿ ಮಂದ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಇವತ್ತಿಗೂ ಹೇಳುತ್ತಾಳೆ.

ನಾನು ಏನೆಂದು ಕರೆಯುತ್ತಿದ್ದೆ ಅಂತೀರಾ? ಗಂಗಾ ಅಂದರೆ ಹೆತ್ತವಳ ಹೆಸರು ಹಿಡಿದಂತೆ. ಸೌಭಾಗ್ಯ ಅಂದರೆ ಉತ್ತರವಿಲ್ಲ. ಹಾಗಾಗಿ 'ಕೇಳಿಲ್ಲಿ', 'ಏನ ಮಾಡಾಕತ್ತಿ', 'ಎಲ್ಲಿ ಅದಿ' ಇವೇ ಅವಳ ಹೆಸರುಗಳಾದವು. ಊರಿಗೆಲ್ಲ ಹೆಸರು ಹಾಕುವವನು ನಾನು, ನನ್ನ ಮನೆಯಲ್ಲಿ ಹೆಂಡತಿಗೆ ಹೆಸರಿಲ್ಲ.

ನಾಲ್ಕನೆಯ ವರ್ಷವೋ ಏನೋ, ಅವಳೇ ಒಮ್ಮೆ ಕೇಳಿದಳು. "ತಪ್ಪಾದಲ್ಲೆ ಬಳ್ಳಿ ಹಾಕ್ತೀರಂತಲ್ಲ, ಮಾರಿಯಕ್ಕ ಹೇಳಿದ್ಲು. ಈ ಹೆಸರಿನ ಮ್ಯಾಲೂ ಹಾಕ್ರಿ." ಇಪ್ಪತ್ತೊಂದು ಪಾತ್ರೆ! ಆ ಅಕ್ಷರಗಳ ಅಳತೆ, ಆ ಒತ್ತಿನ ತಿರುವು! ಅದರ ಮೇಲೆ ನಾನೇ ಕೈಯಾರೆ ಕುಟ್ಟಬೇಕೆ? "ತಪ್ಪಾಗಿದ್ರ ಹಾಕಬಹುದಿತ್ತು. ಇದು ತಪ್ಪಾಗಿಲ್ಲಲ್ಲ, ಅಕ್ಷರ ಎಲ್ಲಾ ಬರೋಬ್ಬರಿ ಅದಾವು," ಅಂದುಬಿಟ್ಟೆ. ಅವಳು ನನ್ನನ್ನು ಒಂದು ನೋಟ ನೋಡಿದಳು. ಮತ್ತೆಂದೂ ಕೇಳಲಿಲ್ಲ. ಅವ್ವನ ಹಟ ಅಂತ ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಿಜ ಹೇಳಬೇಕೆಂದರೆ ನನ್ನ ಕೆಲಸದ ಜಂಬ ಅವ್ವನ ಹಟಕ್ಕಿಂತ ದೊಡ್ಡದಿತ್ತು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ಅಲ್ಲಿಂದ ಅವಳು ಬೇರೆ ದಾರಿ ಹಿಡಿದಳು. ಆ ಪಾತ್ರೆಗಳನ್ನು ಯಾರು ಕೇಳಿದರೂ ಕೊಡತೊಡಗಿದಳು. ಕೇಳದವರಿಗೂ ಕೊಟ್ಟಳು. ಮದುವೆಗೆ ಪಾತೇಲಿ, ಸೀಮಂತಕ್ಕೆ ಪರಾತ, ಸುಮ್ಮನೆ ನೆಂಟರ ಮನೆಗೆ ಹೊರಟವರ ಕೈಗೆ ಡಬ್ಬಿ. ಕೊಟ್ಟಮೇಲೆ ವಾಪಸು ಕೇಳುವುದಿಲ್ಲ. ಪುಣ್ಯಾತ್ಮಳು ಮರೆತದ್ದು ಒಂದೇ. ಕೊಟ್ಟ ಪಾತ್ರೆ ವಾಪಸು ಬರಲಿ ಎಂದೇ ಜನ ಹೆಸರು ಹಾಕಿಸುವುದು. "ಹೆಸರ ಹಾಕಸ್ರಿ, ಗೋವಾಕ್ಕ ಹೋದ್ರೂ ಮನೀಗೆ ಬರತೈತಿ," ಎಂದು ಸಾವ್ಕಾರ್ರು ಗಿರಾಕಿಗಳಿಗೆ ಹೇಳುತ್ತಿದ್ದುದು ಬರಿಯ ವ್ಯಾಪಾರದ ಮಾತಲ್ಲ ಎಂದು ನನಗೆ ಆಗ ಗೊತ್ತಾಯಿತು.

ಒಂದು ಸಲ ಜೊಯಿಡಾ ಕಡೆಯ ಬಸ್ಸಿನ ಕಂಡಕ್ಟರು ಅಣಶಿಯಿಂದ ಒಂದು ಪಾತೇಲಿ ಹೊತ್ತು ತಂದರು. ಅಲ್ಲಿ ಯಾರದೋ ಮದುವೆಯಲ್ಲಿ ಉಳಿದಿತ್ತಂತೆ. ಓಣಿ ಹುಡುಕಿಕೊಂಡು ನಮ್ಮ ಮನೆಗೇ ಹೋಗಿ, "ಸೌಭಾಗ್ಯಕ್ಕಾರ ಅದಾರೇನ್ರಿ?" ಎಂದು ಕೇಳಿದ್ದಾರೆ. ಇವಳು ಬಾಗಿಲಲ್ಲಿ ನಿಂತು, ಪಾತೇಲಿಯನ್ನು ನೋಡಿ, "ಸೌಭಾಗ್ಯ ಅನ್ನಾವ್ರು ಇಲ್ಲಿ ಯಾರೂ ಇಲ್ರಿ," ಎಂದು ನೀರು ಕೊಟ್ಟು ಕಳಿಸಿದ್ದಾಳೆ. ಪಾಪ, ಆ ಮನುಷ್ಯ ಪಾತೇಲಿ ಹಿಡಿದು ಇಡೀ ಓಣಿ ಸುತ್ತಿ, ಕೊನೆಗೆ ಅಂಗಡಿಗೆ ಬಂದರು.

"ಪರಸಣ್ಣ, ಮಂದಿ ಗೊತ್ತಾಗವಲ್ರು. ಆದ್ರ ಈ ಬಳ್ಳಿ ನಿಮ್ಮದ ಅಲ್ಲೇನು?"

"ನಂದ! ಇಂಥಾ ಎಸಳು ಮತ್ಯಾರ ಹಾಕ್ತಾರ?" ಎಂದು ಎದೆಯುಬ್ಬಿಸಿದೆ. ಆಮೇಲೆ ಹೆಸರು ನೋಡಿದೆ. ಸಂಜೆ ಪಾತೇಲಿ ಹೊತ್ತು ಮನೆಗೆ ಹೋದೆ. ಅವಳು ಅದನ್ನು ಇಸಿದುಕೊಂಡು ಮೇಲಿನ ಫಳಿಯ ಮೇಲೆ ಇಟ್ಟಳು, ಹೆಸರಿನ ಮುಖ ಗೋಡೆಯ ಕಡೆ ತಿರುಗಿಸಿ. ಹೀಗೆ ಕೊಟ್ಟದ್ದೆಲ್ಲ ಒಂದೊಂದಾಗಿ ನನ್ನ ಬಳ್ಳಿಯ ಗುರುತು ಹಿಡಿದು ಅಂಗಡಿಗೆ ಬಂತು, ಅಲ್ಲಿಂದ ಮನೆಗೆ ಬಂತು.

ಒಂದು ಸಲ ಲೆಕ್ಕ ತಪ್ಪಿ ಇಪ್ಪತ್ತೆರಡಾದವು. ಹೆಚ್ಚಿಗೆ ಬಂದ ಚರಿಗೆ ಜೊಯಿಡಾದ ಒಬ್ಬ ಅಂಗನವಾಡಿ ಬಾಯಿಯವರದು. ಅವರ ಹೆಸರು ನಿಜವಾಗಿ ಸೌಭಾಗ್ಯ. ಅವರು ಹುಡುಕಿಕೊಂಡು ಬಂದ ದಿನ ನನ್ನ ಹೆಂಡತಿಯ ಸಂಭ್ರಮ ನೋಡಬೇಕಿತ್ತು. ಚಾಪೆ ಹಾಸಿ, ಚಹ ಕೊಟ್ಟು, ಫಳಿಯಿಂದ ಎಲ್ಲವನ್ನೂ ಇಳಿಸಿ ಅವರ ಮುಂದೆ ಸಾಲಾಗಿ ಇಟ್ಟಳು. "ಎಲ್ಲಾ ನಿಮ್ಮವ ಅದಾವ್ರಿ ಬಾಯಾರ. ಓದಿ ನೋಡ್ರಿ. ಚೀಲ ಬೇಕೇನು?" ಆ ಬಾಯಿಯವರು ತಮ್ಮ ಚರಿಗೆಯೊಂದನ್ನು ಎದೆಗೆ ಅವಚಿಕೊಂಡು ಚಹ ಅರ್ಧಕ್ಕೆ ಬಿಟ್ಟು ಓಡಿದರು.

ವರ್ಷಗಳು ಹೋದವು. ಉಳಿ ಹೋಗಿ ಕರೆಂಟಿನ ಪೆನ್ನು ಬಂತು. ಅದು ಜೀರುಂಡೆಯ ಹಾಗೆ ಕಿರ್ರ್ ಅನ್ನುತ್ತ ಬೆರಳು ಜೋಮು ಹಿಡಿಸುತ್ತಿತ್ತು. ಸಾವ್ಕಾರ್ರಿಗೆ ಆ ಸದ್ದಿನಲ್ಲಿ ತಪ್ಪು ಹಿಡಿಯಲು ಬರಲಿಲ್ಲ, ಅದಕ್ಕೇ ಬೇಸರವಾಗಿ ಗಾದಿಯನ್ನು ಮಗನಿಗೆ ಬಿಟ್ಟುಕೊಟ್ಟರು ಎಂದು ನಾನು ನಂಬಿದ್ದೇನೆ. ಆಮೇಲೆ ಲೇಸರ್ ಬಂತು, ರೇಷ್ಮಾ ಬಂದಳು, ನನ್ನ ಬಳ್ಳಿಯ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿಕೊಂಡಳು. ಈಗ ತಪ್ಪು ಆಗದಿದ್ದರೂ ಬಳ್ಳಿ ಬೀಳುತ್ತದೆ.

ನಾನು ಕೆಲಸ ಬಿಟ್ಟ ದಿನ ಅಂಗಡಿಯವರು ಶಾಲು ಹೊದಿಸಿ ಒಂದು ದೊಡ್ಡ ಹಿತ್ತಾಳೆ ತಟ್ಟೆ ಕೊಟ್ಟರು. ರೇಷ್ಮಾ ತಾನೇ ಹೆಸರು ಹಾಕಿದ್ದಳು, ನನಗೆ ಗೊತ್ತಾಗದ ಹಾಗೆ. ಕೂದಲೆಳೆಯಷ್ಟೂ ತಪ್ಪಿಲ್ಲದ ಅಕ್ಷರ. 'ಶ್ರೀ ಪರಶುರಾಮ ಹಾಗೂ ಸೌ. ಸೌಭಾಗ್ಯ ಇವರಿಗೆ ಪ್ರೀತಿಯ ಕಾಣಿಕೆ.' ಅವಳದೇನು ತಪ್ಪು? ಅಂಗಡಿಗೆ ಮರಳಿ ಬರುತ್ತಿದ್ದ ನಮ್ಮ ಪಾತ್ರೆಗಳ ಮೇಲೆಲ್ಲ ಇದ್ದ ಹೆಸರನ್ನೇ ಹಾಕಿದ್ದಳು. ನಾನು ತಟ್ಟೆಯನ್ನು ಶಾಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಮೂರು ಓಣಿ ಸುತ್ತು ಹಾಕಿ ಮನೆಗೆ ಹೋದೆ. ಹೆಸರಿನ ತಟ್ಟೆಯನ್ನು ಮನೆಗೆ ಒಯ್ಯಲು ಹೆದರಿದ್ದು ಅದೇ ಮೊದಲು.

ಮುಚ್ಚಿಡಲು ಆಗುತ್ತದೆಯೇ? ಬಿಚ್ಚಿ ಓದಿದಳು. ನಾನು ಗೋಡೆ ನೋಡುತ್ತ ನಿಂತೆ. ಬೈದರೆ ಬೈಯಲಿ, ಮೂವತ್ತನಾಲ್ಕು ವರ್ಷದ ಬೈಗುಳ ಒಂದೇ ಸಲ ಬರಲಿ ಎಂದು ಕಾದೆ. ಬೈಯಲಿಲ್ಲ. ಬಹಳ ಹೊತ್ತು ಆ ಸಾಲನ್ನೇ ನೋಡಿದಳು.

"ಇದೇನ್ರಿ, ಸೌ ಎರಡ ಸಲ ಐತಿ?"

"ಮೊದಲಿಂದು ಸೌ ಚುಕ್ಕಿ. ಮುತ್ತೈದೆಯರ ಹೆಸರಿನ ಹಿಂದ ಹಾಕ್ತಾರಲ್ಲ, ಅದು. ಎರಡನೇದು ಹೆಸರಿನ ಸೌ."

ಅವಳು ಎದ್ದಳು. ಫಳಿಯಿಂದ ಆ ಮೊದಲಿನ ಕೊಡ ಇಳಿಸಿದಳು, ಮಲ್ಲಿಗೆ ಹೂವಿನದು. ಮಳಗಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳಂತಲ್ಲ, ಅದೇ. ಸೆರಗಿನಿಂದ ಒರೆಸಿ, 'ಸೌಭಾಗ್ಯ'ದ ಮೇಲೆ ಹೆಬ್ಬೆರಳು ಇಟ್ಟು 'ಭಾಗ್ಯ'ವನ್ನು ಮುಚ್ಚಿದಳು.

"ಈಗ ಓದ್ರಿ."

"ಸೌ," ಅಂದೆ.

"ಇದರ ಮುಂದ ಒಂದ ಚುಕ್ಕಿ. ಬಟ್ಟಿನ ಕೆಳಗ ಇರೂದಕ್ಕ ನಿಮ್ಮ ಬಳ್ಳಿ. ಮುಂದ ನಾಕ ಬಟ್ಟ ಜಾಗ ಬಿಟ್ಟೀರಿ. ಅಲ್ಲೆ ನನ್ನ ಹೆಸರ ಕುಂಡ್ರಂಗಿಲ್ಲೇನು?"

ಮೂವತ್ತೇಳು ವರ್ಷ ಡಿಸೈನ್ ಮಾಡಿದವನು ನಾನು, ಊರೆಲ್ಲರಿಂದ ಹೊಗಳಿಸಿಕೊಂಡವನು ನಾನು. ಸೌ. ಗಂಗಾ! ಒಂದು ಚುಕ್ಕಿ ಮಗನನ್ನು ಮಂಗ ಮಾಡುತ್ತದೆ ಎಂದು ಗೊತ್ತಿತ್ತು, ಇದು ಗೊತ್ತಿರಲಿಲ್ಲ.

ಆದರೆ ಅವ್ವ? ಅವಳು ಹೊರಗಿನ ಕೋಣೆಯಲ್ಲಿ ಕೂತು ಎಲೆಯಡಿಕೆ ಕುಟ್ಟುತ್ತಿದ್ದಳು. ಎಂಬತ್ತು ದಾಟಿದರೂ ಕಿವಿ ಬಲು ಚುರುಕು, ನಮ್ಮ ಮಾತೆಲ್ಲ ಕೇಳಿಸಿಕೊಂಡಿದ್ದಳು. ನಾನು ಕೊಡ ಹಿಡಿದು ಹೋಗಿ ಎದುರು ನಿಂತೆ. "ಅವ್ವಾ, ಇದರ ಮ್ಯಾಲ ಸೌ. ಗಂಗಾ ಅಂತ ಹಾಕ್ಲೇನು?"

ಅವ್ವ ಕುಟ್ಟುವುದನ್ನು ನಿಲ್ಲಿಸಿದಳು. "ಹಾಕು. ನಿಮ್ಮಪ್ಪ ಹೋಗಿ ಮೂವತ್ತ ವರ್ಷ ಆತು, ನನಗ ಇನ್ನ ಸೌ ಎಲ್ಲೀದು? ಸೌ ಹಚ್ಚಿದ ಗಂಗಾ ಈ ಮನ್ಯಾಗ ಆಕಿ ಒಬ್ಬಾಕಿನ." ಇನ್ನೊಂದು ಅಡಿಕೆ ಹೋಳು ಒರಳಿಗೆ ಹಾಕಿ, "ಬೈಯೂ ಶಕ್ತಿನೂ ಹೋತು ಬಿಡು," ಎಂದು ಮತ್ತೆ ಕುಟ್ಟತೊಡಗಿದಳು. ಅವಳ ಕಣ್ಣು ಒದ್ದೆಯಾಗಿತ್ತು, ಅಡಿಕೆಯ ಧೂಳು ಎಂದಳು.

ಅಟ್ಟದ ಡಬ್ಬಿಯಿಂದ ಹಳೆಯ ಉಳಿ, ಸುತ್ತಿಗೆ ತೆಗೆದೆ. ಜೋಮು ಹಿಡಿದ ಬೆರಳು ಮೊದಲಿನಂತಿಲ್ಲ, ಅದಕ್ಕೆ ಅವಳು ಎದುರು ಕೂತು ಕೊಡವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು. ಉಳಿ ಇಡಬೇಕು ಅನ್ನುವಾಗ ಕೈ ತಾನಾಗಿ ನಿಂತಿತು. ಸಾವ್ಕಾರ್ರ ಕಟ್ಟಳೆ.

"ಹೆಸರ ಹೇಳ್ರಿ," ಅಂದೆ, ಗಿರಾಕಿಗೆ ಹೇಳುವ ಹಾಗೆ.

ಅವಳಿಗೆ ನಗು ಬಂತು, ತಡೆದುಕೊಂಡಳು. "ಗಂಗಾ," ಅಂದಳು.

ಇನ್ನು ನಾನು ತಿರುಗಿ ಹೇಳಬೇಕು, ಜೋರಾಗಿ. ಮೂವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಹೇಳದ ಹೆಸರು. ಎರಡು ಸಲ ಕೆಮ್ಮಿದೆ.

"ಗಂಗಾ."

"ಏನೋ ಪರಶ್ಯಾ?" ಹೊರಗಿನಿಂದ ಅವ್ವ.

"ನಿನಗಲ್ಲವ್ವಾ!"

ಕುಟ್ಟುವ ಸದ್ದು ನಿಂತಿತು. ಆಮೇಲೆ ಅವ್ವ ಅಂದಳು: "ಹಂಗಾದ್ರ ಇನ್ನೊಮ್ಮಿ ಕರಿ. ಜೋರಾಗಿ ಕರಿ. ಆಕಿಗೆ ಕಿವಿ ಮಂದ ಅದಾವು."

ಓಣಿಗೆಲ್ಲ ಕೇಳುವ ಹಾಗೆ ಕರೆದೆ.

"ಹೂಂ," ಅಂದಳು ಗಂಗಾ. "ಬಡೀರಿ."